ಅಳು ಬೇಡ, ಅಲೆದಾಟ ಹಿಡಿಯಿರಿ: ತುಮಕೂರಿನಲ್ಲಿ ಮನೆಯಿಲ್ಲದವರ ಬಗ್ಗೆ ಸಾಕ್ಷ್ಯಚಿತ್ರ ಮಾಡಲು ಹೊರಟವರಿಗೆ

ಮೊದಲ ರಾತ್ರಿ ನಾವು ಮಾಡಿದ್ದು ಶುದ್ಧ ತಪ್ಪು. ಹನ್ನೊಂದು ಗಂಟೆ ದಾಟಿತ್ತು. ನಾವು ಮೂವರು, ಕೈಯಲ್ಲಿ ಎರಡು ಮೊಬೈಲು, ಒಂದು ಎಲ್‌ಇಡಿ ಲೈಟು. ಅಶೋಕ ರಸ್ತೆಯಲ್ಲಿ ಶಟರ್ ಎಳೆದ ಅಂಗಡಿಯ ಕಟ್ಟೆ ಮೇಲೆ ತಾತ ಒಬ್ಬರು ಗೋಣಿಚೀಲ ಹೊದ್ದು ಮಲಗಿದ್ದರು. ಲೈಟು ಹಾಕಿದೆವು. ತಾತ ಗೋಣಿ ಸರಿಸಿ, ಕಣ್ಣಿಗೆ ಕೈ ಅಡ್ಡ ಹಿಡಿದು, "ಏನ್ ಸಾಮಿ, ಸತ್ತಿದೀನಾ ಅಂತ ನೋಡಾಕ್ ಬಂದ್ರಾ?" ಅಂದರು. ಉತ್ತರ ಇರಲಿಲ್ಲ. ಲೈಟು ಆರಿಸಿ ಮನೆಗೆ ಬಂದೆವು. ಆ ತುಣುಕು ಅವತ್ತೇ ಅಳಿಸಿಬಿಟ್ಟೆ.

ಆಮೇಲೆ ಎಂಟು ತಿಂಗಳು ಸುತ್ತಿ 24 ನಿಮಿಷದ ಒಂದು ಸಾಕ್ಷ್ಯಚಿತ್ರ ಮಾಡಿದೆವು. ಕ್ಯಾಮೆರಾ ಬಾಡಿಗೆಗೆ ತರಲಿಲ್ಲ, ಮೊಬೈಲೇ ಸಾಕಾಯಿತು. ನೀವೂ ಇಂಥದ್ದೇ ಒಂದು ಚಿತ್ರ ಮಾಡಬೇಕು ಅಂದುಕೊಂಡಿದ್ದರೆ, ನಾವು ತಪ್ಪು ಮಾಡಿ ಕಲಿತದ್ದನ್ನು ಇಲ್ಲಿ ಒಂದೊಂದಾಗಿ ಬರೆದಿದ್ದೇನೆ. ಕಾಲೇಜು ಪ್ರಾಜೆಕ್ಟಿಗೆ ಮಾಡುವವರಿಗೂ ನಡೆಯುತ್ತದೆ. ತುಮಕೂರಿನ ಲೆಕ್ಕದಲ್ಲಿ ಬರೆದಿದ್ದರೂ ಕೋಲಾರ, ಚಿಕ್ಕಬಳ್ಳಾಪುರದವರು ಬೀದಿಗಳ ಹೆಸರು ಬದಲಿಸಿಕೊಂಡರೆ ಸಾಕು.

ಮೊದಲ ಮೂರು ವಾರ ಮೊಬೈಲು ಜೇಬಲ್ಲೇ ಇರಲಿ

ಬರೀ ಕಾಲ್ನಡಿಗೆಯಲ್ಲಿ ಸುತ್ತಿ. ಎರಡು ಹೊತ್ತು ಮುಖ್ಯ. ಒಂದು, ರಾತ್ರಿ ಹತ್ತರಿಂದ ಹನ್ನೆರಡು. ಇನ್ನೊಂದು, ಬೆಳಗಿನ ಜಾವ ಐದು. ಐದು ಯಾಕೆ ಅಂದರೆ, ಅಂಗಡಿ ಬಾಗಿಲು ತೆರೆಯುವ ಮುಂಚೆ ಎಲ್ಲರೂ ಗಂಟು ಕಟ್ಟಿ ಎದ್ದು ಹೋಗಿರುತ್ತಾರೆ. ಆರೂವರೆಗೆ ಹೋದರೆ ಆ ಕಟ್ಟೆಯಲ್ಲಿ ಯಾರೋ ಮಲಗಿದ್ದರು ಅನ್ನುವ ಗುರುತೂ ಇರುವುದಿಲ್ಲ. ಹಗಲು ಬಂದು "ನಮ್ಮ ಊರಲ್ಲಿ ಅಂಥವರು ಜಾಸ್ತಿ ಇಲ್ಲ" ಅನ್ನುವವರು ಇದನ್ನು ನೋಡಿರುವುದಿಲ್ಲ.

ಬಸ್ ಸ್ಟ್ಯಾಂಡಿನ ಸುತ್ತಮುತ್ತ, ರೈಲ್ವೆ ಸ್ಟೇಷನ್, ಜಿಲ್ಲಾ ಆಸ್ಪತ್ರೆಯ ಅಂಗಳ, ಅಂತರಸನಹಳ್ಳಿ ಮಾರುಕಟ್ಟೆ, ಬಿ.ಎಚ್. ರಸ್ತೆಯ ಅಂಗಡಿ ಸಾಲು, ಅಮಾನಿಕೆರೆ ಕಡೆ. ಇಷ್ಟು ಜಾಗ ಮೂರು ವಾರಕ್ಕೆ ಸಾಕು. ಹೋದಾಗ ಸುಮ್ನೆ ನಿಂತು ನೋಡಬೇಡಿ, ಅದು ಎಲ್ಲರಿಗೂ ಮುಜುಗರ. ಟೀ ಕುಡಿಯುತ್ತಾ ಪಕ್ಕ ಕೂತುಕೊಳ್ಳಿ. ಅವರಿಗೂ ಒಂದು ಟೀ ಹೇಳಿ. ಬೀಡಿ ಕೇಳಿದರೆ ಕೊಡುವುದು ಬಿಡುವುದು ನಿಮ್ಮ ಇಷ್ಟ, ಕುಡಿಯೋಕೆ ದುಡ್ಡು ಕೇಳಿದರೆ ಬೇಡ. ಆ ಮೇಲೆ ನಿಮ್ಮ ಹೆಸರು, ಊರು ಹೇಳಿ. ಅವರ ಹೆಸರು ಅವರಾಗಿ ಹೇಳುವವರೆಗೆ ಕಾಯಿರಿ. ನಮಗೆ ಗೋಣಿಚೀಲದ ತಾತ ಹೆಸರು ಹೇಳಿದ್ದು ಆರನೇ ಟೀಗೆ.

ಹೀಗೆ ಕೂತರೆ ಮೊದಲು ಒಡೆಯುವುದು ನಮ್ಮದೇ ಕಲ್ಪನೆ. ನಾವು "ಹಸಿವು" ಅಂತ ಹೆಸರಿಟ್ಟುಕೊಂಡು ಹೊರಟಿದ್ದೆವು. ತುಮಕೂರಿನಲ್ಲಿ ಅದು ಅಷ್ಟು ಸರಿಯಾಗಿ ಕೂರುವುದಿಲ್ಲ. ಕ್ಯಾತ್ಸಂದ್ರದ ಕಡೆ ನಡೆದರೆ ಸಿದ್ಧಗಂಗಾ ಮಠದಲ್ಲಿ ದಾಸೋಹ ಇದೆ. 2019ರ ಜನವರಿ 21ರಂದು ಲಿಂಗೈಕ್ಯರಾದ ಶಿವಕುಮಾರ ಸ್ವಾಮೀಜಿಯವರ ಕಾಲದಿಂದ ಅಲ್ಲಿನ ಒಲೆ ಆರಿದ್ದನ್ನು ಊರು ಕಂಡಿಲ್ಲ. ಊರೊಳಗೆ ಇಂದಿರಾ ಕ್ಯಾಂಟೀನಿನಲ್ಲಿ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ. ನಮ್ಮ ಜೊತೆ ಮಾತಾಡಿದ ಹೆಚ್ಚಿನವರು ಹೇಳಿದ ಕಷ್ಟ ಬೇರೆ. ನಿದ್ದೆ. ಶೌಚಾಲಯ. ಗಂಟು ಇಡಲು ಒಂದು ಜಾಗ. ಕಳ್ಳತನವಾಗುತ್ತದೆ ಎಂಬ ಭಯಕ್ಕೆ ಒಂದು ಕಣ್ಣು ತೆರೆದೇ ಮಲಗುವವರು ಮಾರನೇ ದಿನ ಕೂಲಿಗೆ ಹೋಗಿ ಏನು ಎತ್ತುತ್ತಾರೆ?

ಯಾರು ಯಾರು ಸಿಕ್ಕರು ಅಂದರೆ, ಹೋಟೆಲಿನಲ್ಲಿ ಪಾತ್ರೆ ತೊಳೆಯುವವರು. ಮದುವೆ ಸೀಸನ್ನಿನಲ್ಲಿ ಕಲ್ಯಾಣ ಮಂಟಪದಲ್ಲಿ ಅಡುಗೆಗೆ ಕೈ ಹಾಕುವವರು, ಆಷಾಢ ಬಂತೆಂದರೆ ಬೀದಿಗೆ. ಮೂಟೆ ಹೊರುವ ಹಮಾಲಿಗಳು. ಆಸ್ಪತ್ರೆಯಲ್ಲಿ ಗಂಡನನ್ನು ಸೇರಿಸಿ ಹೊರಗೆ ಚಾಪೆ ಹಾಸಿದ ಹೆಂಗಸರು. ಮಕ್ಕಳು ಬಿಟ್ಟ ಮುದುಕರು. ಮಕ್ಕಳನ್ನು ತಾವೇ ಬಿಟ್ಟು ಬಂದ ಮುದುಕರು. ಭಿಕ್ಷೆ ಬೇಡುವವರು ಇವರಲ್ಲಿ ಒಂದು ಪಾಲು ಮಾತ್ರ.

ಏನಂತ ಕರೆಯುತ್ತೀರಿ?

ಇದು ಸಣ್ಣ ವಿಷಯ ಅನ್ನಿಸಬಹುದು, ಅಲ್ವಾ? ಕಚೇರಿ ಕಾಗದದಲ್ಲಿ "ವಸತಿರಹಿತರು", "ನಿರ್ಗತಿಕರು", "ನಿರಾಶ್ರಿತರು". ಬೀದಿಯಲ್ಲಿ "ಭಿಕ್ಷುಕ", "ಹುಚ್ಚ". ಒಂದೊಂದು ಪದಕ್ಕೂ ಹಿಂದೆ ಒಂದೊಂದು ಬಾಗಿಲು ಇದೆ. "ವಸತಿರಹಿತ" ಅಂದರೆ ಮಹಾನಗರ ಪಾಲಿಕೆಯ ಆಶ್ರಯ ಕೇಂದ್ರದ ಬಾಗಿಲು. "ಭಿಕ್ಷುಕ" ಅಂದರೆ 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆ ಬರುತ್ತದೆ. ಆ ಕಾಯ್ದೆಯಲ್ಲಿ ಹಿಡಿದು ಒಯ್ದು ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ ಇಡುವ ಅಧಿಕಾರವಿದೆ. ಬೆಂಗಳೂರು ಮಾಗಡಿ ರಸ್ತೆಯ ಕೇಂದ್ರದಲ್ಲಿ 2010ರ ಆಗಸ್ಟಿನಲ್ಲಿ ಕೆಲವೇ ದಿನಗಳಲ್ಲಿ ಸಾಲು ಸಾಲು ಸಾವುಗಳಾಗಿ ರಾಜ್ಯವೇ ಬೆಚ್ಚಿತ್ತು. ನಮ್ಮ ತಾತ "ಗಾಡಿ ಬಂತು" ಅಂದರೆ ಈಗಲೂ ಗಲ್ಲಿಗೆ ಓಡುತ್ತಾರೆ. ನೀವು ಚಿತ್ರದಲ್ಲಿ ಒಬ್ಬರನ್ನು ಭಿಕ್ಷುಕ ಅಂತ ಕರೆದರೆ ಅವರನ್ನು ಯಾವ ಗಾಡಿಗೆ ಹತ್ತಿಸುತ್ತಿದ್ದೀರಿ ಅನ್ನುವುದು ಗೊತ್ತಿರಲಿ.

ನಾವು ಹಿಡಿದ ದಾರಿ ಸುಲಭದ್ದು. ಅವರು ತಮ್ಮನ್ನು ಏನಂತ ಹೇಳಿಕೊಂಡರೋ ಅದನ್ನೇ ಪರದೆ ಮೇಲೆ ಬರೆದೆವು. "ಹೋಟೆಲ್ ಕೆಲಸ." "ಹಮಾಲಿ." ತಾತ ಮಾತ್ರ "ರಿಟೈರ್ಡ್" ಅಂತ ಬರೆಯಿರಿ ಅಂದರು. ಬರೆದೆವು.

ಹೊರಡುವ ಮುಂಚೆ ತಲೆಯಲ್ಲಿ ಇರಬೇಕಾದ ನಂಬರುಗಳು, ಕಾನೂನು

ಚಿತ್ರೀಕರಣದ ಮಧ್ಯೆ ಯಾರಿಗಾದರೂ ಜ್ವರ ಬಂದು ನಡುಗುತ್ತಿದ್ದರೆ ನೀವು ನಿರ್ದೇಶಕರಲ್ಲ, ಪಕ್ಕದಲ್ಲಿರುವ ಮನುಷ್ಯ. ಕ್ಯಾಮೆರಾ ಕೆಳಗಿಟ್ಟು 108ಕ್ಕೆ ಫೋನ್ ಮಾಡಿ. ಪೊಲೀಸ್ ಬೇಕಾದರೆ 112. ಮಕ್ಕಳಿದ್ದರೆ 1098, ಹಿರಿಯರಿಗೆ 14567, ಹೆಂಗಸರಿಗೆ 181, ಮನಸ್ಸಿನ ಆರೋಗ್ಯಕ್ಕೆ ಟೆಲಿ ಮನಸ್ 14416. ಮೂವರ ಮೊಬೈಲಿನಲ್ಲೂ ಇರಲಿ. ಒಂದು ಚೀಟಿಯಲ್ಲಿ ಬರೆದು ಜೇಬಲ್ಲೂ ಇಟ್ಟುಕೊಳ್ಳಿ, ರಾತ್ರಿ ಶೂಟಿಂಗಿನಲ್ಲಿ ಮೊದಲು ಸಾಯುವುದು ಬ್ಯಾಟರಿ.

ಮಾನಸಿಕ ಕಾಯಿಲೆಯಿಂದ ಅಲೆಯುವವರ ವಿಷಯ ಸ್ವಲ್ಪ ನಿಧಾನವಾಗಿ ಓದಿಕೊಳ್ಳಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೇ ಸೆಕ್ಷನ್ ಪ್ರಕಾರ, ತನ್ನನ್ನು ತಾನು ನೋಡಿಕೊಳ್ಳಲಾಗದೆ ಅಲೆಯುತ್ತಿರುವವರನ್ನು ರಕ್ಷಣೆಗೆ ತೆಗೆದುಕೊಳ್ಳುವುದು ಠಾಣಾಧಿಕಾರಿಯ ಕರ್ತವ್ಯ. ಲಾಕಪ್ಪಿನಲ್ಲಿ ಇಡುವಂತಿಲ್ಲ. 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು. ಮನೆಯವರನ್ನು ಹುಡುಕುವ ಹೊಣೆಯೂ ಠಾಣೆಯದ್ದೇ. ಮನೆಯಿಲ್ಲದವರಿಗೆ ಬಿಪಿಎಲ್ ಕಾರ್ಡು ಇರಲಿ ಬಿಡಲಿ, ಸರ್ಕಾರಿ ಮಾನಸಿಕ ಚಿಕಿತ್ಸೆ ಪೂರ್ತಿ ಉಚಿತ. ಇದನ್ನು ಕನ್ನಡದಲ್ಲಿ ಒಂದು ಹಾಳೆ ಪ್ರಿಂಟ್ ತೆಗೆದುಕೊಂಡು ಹೋಗಿದ್ದೆವು. ಒಂದು ಠಾಣೆಯಲ್ಲಿ "ಇದು ನಮ್ಮ ಕೆಲಸ ಅಲ್ಲ" ಅಂದವರು ಹಾಳೆ ಓದಿದ ಮೇಲೆ ಕುರ್ಚಿ ಕೊಟ್ಟರು. ಜಗಳವಾಡಬೇಕಾಗಿ ಬರಲಿಲ್ಲ. ನಿಜ ಹೇಳಬೇಕೆಂದರೆ, ಅವರಿಗೂ ಯಾರೂ ಹೇಳಿಕೊಟ್ಟಿರಲಿಲ್ಲ.

ಅದೇ ಕಾಯ್ದೆ ನಿಮ್ಮ ಕೈಯನ್ನೂ ಕಟ್ಟುತ್ತದೆ. ಮಾನಸಿಕ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುತ್ತಿರುವವರ ಫೋಟೋ, ಮಾಹಿತಿಯನ್ನು ಅವರ ಒಪ್ಪಿಗೆಯಿಲ್ಲದೆ ಮಾಧ್ಯಮಕ್ಕೆ ಕೊಡುವಂತಿಲ್ಲ. ಮಕ್ಕಳ ವಿಷಯ ಇನ್ನೂ ಬಿಗಿ. 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ, ಆರೈಕೆ ಮತ್ತು ರಕ್ಷಣೆ ಬೇಕಾದ ಮಗುವಿನ ಗುರುತು ಹೊರಗೆ ಬಿಟ್ಟರೆ ಆರು ತಿಂಗಳವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮುಖ ಮಸುಕು ಮಾಡಿದರೆ ಆಯಿತು ಅಂದುಕೊಳ್ಳಬೇಡಿ. ಶಾಲೆಯ ಬಣ್ಣದ ಅಂಗಿ, ಹಿಂದಿನ ಬೋರ್ಡು, ಅಮ್ಮ ಕೂಗುವ ಹೆಸರು, ಎಲ್ಲವೂ ಗುರುತೇ. ನಾವು ಮಕ್ಕಳನ್ನು ಹಿಡಿಯಲೇ ಇಲ್ಲ.

ಒಪ್ಪಿಗೆ ಎರಡು ಸಲ

ಒಂದು ಸಲ ಶೂಟಿಂಗಿಗೆ ಮುಂಚೆ. ಇನ್ನೊಂದು ಸಲ, ತೆಗೆದದ್ದನ್ನು ಅವರಿಗೆ ತೋರಿಸಿದ ಮೇಲೆ. ಮೊದಲನೆಯದು ಅರ್ಧ ಒಪ್ಪಿಗೆ ಅಷ್ಟೇ. ಟೀ ಕುಡಿಸಿದ ಹುಡುಗರಿಗೆ ಇಲ್ಲ ಅನ್ನುವುದು ಹೇಗೆ ಅಂತ ಹೂಂ ಅಂದಿರಬಹುದು. ಎರಡನೆಯದೇ ನಿಜವಾದದ್ದು.

ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ನನಗೆ ಹಿಡಿಸುವುದಿಲ್ಲ. ಹೆಬ್ಬೆಟ್ಟು ಒತ್ತಿ ಜಮೀನು ಕಳೆದುಕೊಂಡವರೇ ನಮ್ಮ ಪಟ್ಟಿಯಲ್ಲಿ ಇಬ್ಬರಿದ್ದರು. ಬದಲಿಗೆ ಕ್ಯಾಮೆರಾ ಮುಂದೆಯೇ ಕೇಳಿ, ಅವರ ಮಾತಲ್ಲೇ ಉತ್ತರ ಬರಲಿ. ಹೇಳಬೇಕಾದ್ದು ಇಷ್ಟು: "ಇದು ಮೊಬೈಲಲ್ಲಿ ಬರುತ್ತೆ ತಾತ, ಯಾರು ಬೇಕಾದರೂ ನೋಡಬಹುದು. ನಿಮ್ಮ ಊರಿನವರೂ ನೋಡಬಹುದು. ದುಡ್ಡು ಬರಲ್ಲ. ಬೇಡ ಅಂದರೆ ಯಾವಾಗ ಬೇಕಾದರೂ ತೆಗೆಸಬಹುದು." ಇದರಲ್ಲಿ "ನಿಮ್ಮ ಊರಿನವರೂ ನೋಡಬಹುದು" ಅನ್ನುವುದನ್ನು ಮರೆಯಬೇಡಿ. ಸಾಲಕ್ಕೆ ಹೆದರಿ ಬಂದವರು, ಗಂಡನ ಹೊಡೆತಕ್ಕೆ ಓಡಿ ಬಂದವರು, ಮಗಳ ಮದುವೆ ನಿಂತೀತು ಅಂತ "ದುಬೈಯಲ್ಲಿದೀನಿ" ಎಂದು ಫೋನಿನಲ್ಲಿ ಹೇಳುತ್ತಿರುವವರು. ಈ ಕೊನೆಯವರು ನಿಜವಾಗಿ ಇದ್ದರು, ಬಸ್ ಸ್ಟ್ಯಾಂಡ್ ಹತ್ತಿರ. ನಾವು ಅವರ ದನಿ ಕೂಡ ಬಳಸಲಿಲ್ಲ.

ಕುಡಿದಿರುವಾಗ ಕೊಟ್ಟ ಒಪ್ಪಿಗೆ ಒಪ್ಪಿಗೆ ಅಲ್ಲ. ಬೆಳಿಗ್ಗೆ ಮತ್ತೆ ಕೇಳಿ.

ದುಡ್ಡಿನ ಪ್ರಶ್ನೆ ಬಂದೇ ಬರುತ್ತದೆ. ಮಾತಿಗೆ ಇಷ್ಟು ಅಂತ ಕೊಟ್ಟರೆ ಕಥೆ ಬೆಳೆಯುತ್ತದೆ. ಏನೂ ಕೊಡದೆ ನಾಲ್ಕು ಗಂಟೆ ಕೂರಿಸಿಕೊಂಡರೆ ಅದು ಪುಕ್ಕಟೆ ದುಡಿಮೆ. ಕೂಲಿ ತಪ್ಪಿಸಿ ನಮ್ಮ ಜೊತೆ ಬಂದ ದಿನ ಆ ದಿನದ ಕೂಲಿ ಕೊಟ್ಟೆವು. ಉಳಿದ ದಿನ ಊಟ, ಟೀ. ಇದನ್ನು ಚಿತ್ರದ ಕೊನೆಯಲ್ಲಿ ಬರೆದೂ ಬರೆದೆವು.

ಈಗ ಮುಖ್ಯ ವಿಷಯ: ಯಾವುದನ್ನು ಹಿಡಿಯಬೇಕು?

ಅಳುವುದನ್ನು ಹಿಡಿಯಬೇಡಿ. ಅಳು ಸುಲಭವಾಗಿ ಸಿಗುತ್ತದೆ. "ಮನೆ ನೆನಪಾಗುತ್ತಾ ಅಜ್ಜಿ?" ಅಂದರೆ ಸಾಕು. ಹಿಂದೆ ಕೊಳಲು ಹಾಕಿದರೆ ನೋಡುವವರ ಕಣ್ಣೂ ಒದ್ದೆ. ಐದು ನಿಮಿಷ ಆದ ಮೇಲೆ ಅವರು ಮುಂದಿನ ವಿಡಿಯೋಗೆ ಹೋಗುತ್ತಾರೆ. ಕೂದಲು ಕತ್ತರಿಸಿ, ಸ್ನಾನ ಮಾಡಿಸಿ, ಹೊಸ ಬಟ್ಟೆ ಹಾಕಿಸಿ "ಮೊದಲು", "ಆಮೇಲೆ" ಅಂತ ತೋರಿಸುವ ವಿಡಿಯೋಗಳೂ ಹಾಗೆಯೇ. ಕೂದಲು ಕತ್ತರಿಸಿದ ಮೂರನೇ ದಿನ ಆ ಮನುಷ್ಯ ಎಲ್ಲಿ ಮಲಗಿದ್ದ? ಅದು ಯಾವ ವಿಡಿಯೋದಲ್ಲೂ ಇರುವುದಿಲ್ಲ.

ಹಿಡಿಯಬೇಕಾದದ್ದು ಅಲೆದಾಟ. ಒಬ್ಬ ಮನುಷ್ಯ ಕಟ್ಟೆಯಿಂದ ಎದ್ದು ಒಂದು ಹಾಸಿಗೆಯವರೆಗೆ, ಒಂದು ಕಾಗದದವರೆಗೆ ಹೋಗಲು ಎಷ್ಟು ಬಾಗಿಲು ತಟ್ಟುತ್ತಾನೆ, ಎಲ್ಲಿ ಬಾಗಿಲು ತೆರೆಯುತ್ತದೆ, ಎಲ್ಲಿ ಇಲ್ಲ. ಸಹಾಯ ಮಾಡುವವರು ಎಲ್ಲಿ ಸೋಲುತ್ತಾರೆ, ಎಲ್ಲಿ ಗೆಲ್ಲುತ್ತಾರೆ. ಒಬ್ಬರನ್ನೋ ಇಬ್ಬರನ್ನೋ ಆರಿಸಿಕೊಂಡು ತಿಂಗಳುಗಟ್ಟಲೆ ಹಿಂದೆ ಹೋಗಿ. ಇಪ್ಪತ್ತು ಜನರ ಎರಡೆರಡು ನಿಮಿಷ ಬೇಡ.

ಮೊದಲ ಬಾಗಿಲು ಆಶ್ರಯ ಕೇಂದ್ರ. 2009ರ ಡಿಸೆಂಬರಿನಲ್ಲಿ ದೆಹಲಿಯ ಚಳಿಯಲ್ಲಿ ಒಂದು ರಾತ್ರಿ ತಂಗುದಾಣ ಕೆಡವಿದ ಮೇಲೆ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. 2010ರಿಂದ ಕೋರ್ಟು ಆದೇಶದ ಮೇಲೆ ಆದೇಶ ಕೊಟ್ಟಿತು. 2013ರಲ್ಲಿ ಶುರುವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದಲ್ಲಿ ಅದಕ್ಕೊಂದು ಅಳತೆ ಬಂತು. ನಗರದ ಒಂದು ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಜನ ಇರುವಷ್ಟು ಆಶ್ರಯ. ವರ್ಷಪೂರ್ತಿ, 24 ಗಂಟೆ. ಒಬ್ಬರಿಗೆ 50 ಚದರ ಅಡಿ ಜಾಗ. ತುಮಕೂರು ನಗರದ ಜನಸಂಖ್ಯೆ 2011ರ ಜನಗಣತಿಯಲ್ಲೇ 3 ಲಕ್ಷ ದಾಟಿತ್ತು. ಲೆಕ್ಕ ನೀವೇ ಹಾಕಿ, 300 ಜನಕ್ಕೆ. ಪಾಲಿಕೆಗೆ ಹೋಗಿ ಕೇಳಬೇಕಾದ ಮೊದಲ ಪ್ರಶ್ನೆ ಇದೇ: ನಮ್ಮಲ್ಲಿ ಎಷ್ಟು ಹಾಸಿಗೆ ಇವೆ, ಹೆಂಗಸರಿಗೆ ಎಷ್ಟು?

ಬಾಯಲ್ಲಿ ಕೇಳಿದರೆ ಬಾಯಲ್ಲೇ ಉತ್ತರ. ಮಾಹಿತಿ ಹಕ್ಕಿನಲ್ಲಿ ಬರೆದು ಕೊಡಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ನಮ್ಮ ಮೊದಲ ಅರ್ಜಿ ಮೂರು ಪುಟದ ಪ್ರಬಂಧವಾಗಿತ್ತು, ಹಾಗೇ ವಾಪಸ್ ಬಂತು. ಇನ್ನೊಂದು ಅರ್ಜಿಯಲ್ಲಿ ಭಿಕ್ಷಾಟನೆ ಸೆಸ್ಸಿನ ಬಗ್ಗೆ, ಅಂದರೆ ಭಿಕ್ಷುಕರ ಪರಿಹಾರಕ್ಕೆ ಅಂತ ವಸೂಲು ಮಾಡುವ ಉಪಕರದ ಬಗ್ಗೆ ಕೇಳಿ. ನೀವು ಮನೆ ಕಂದಾಯ ಕಟ್ಟುವಾಗ ಅದರ ಮೇಲೆ ಶೇ. 3ರಷ್ಟು ಈ ಸೆಸ್ ಸೇರಿರುತ್ತದೆ. ರಸೀದಿ ತೆಗೆದು ನೋಡಿ. ನಮ್ಮ ಚಿತ್ರದಲ್ಲಿ ಜನ ಜಾಸ್ತಿ ಮಾತಾಡಿಕೊಂಡ ದೃಶ್ಯ ಅದೇ: ನನ್ನ ಅಮ್ಮ ಕನ್ನಡಕ ಹಾಕಿಕೊಂಡು ನಮ್ಮ ಮನೆಯ ಕಂದಾಯದ ರಸೀದಿಯಲ್ಲಿ ಆ ಸಾಲು ಹುಡುಕುವುದು.

ಆಶ್ರಯ ಕೇಂದ್ರ ಇದ್ದರೂ ಜನ ಯಾಕೆ ಹೋಗುವುದಿಲ್ಲ? "ಅವರಿಗೆ ಬೀದಿಯೇ ಇಷ್ಟ" ಅನ್ನುವ ಮಾತು ಎಲ್ಲ ಕಡೆ ಕೇಳಿದೆವು. ಅದನ್ನು ನಂಬಬೇಡಿ, ಕೂತು ಕಾರಣ ಕೇಳಿ. ನಮಗೆ ಸಿಕ್ಕವು ಇವು. ಹೋಟೆಲ್ ಕೆಲಸ ಮುಗಿಯುವುದು ಹನ್ನೆರಡಕ್ಕೆ, ಅಷ್ಟು ಹೊತ್ತಿಗೆ ಗೇಟು ಹಾಕಿರುತ್ತಾರೆ. ಗಂಡ ಒಂದು ಕಡೆ ಹೆಂಡತಿ ಒಂದು ಕಡೆ ಮಲಗಬೇಕು. ಆಧಾರ್ ಕೇಳುತ್ತಾರೆ. ಗಂಟು ಇಡಲು ಬೀರು ಇಲ್ಲ. ಕುಡಿದು ಬಂದರೆ ಒಳಗೆ ಬಿಡುವುದಿಲ್ಲ. ತಾತನದು ಬೇರೆಯೇ ಕಾರಣ. ಅವರ ಜೊತೆ ಒಂದು ನಾಯಿ ಇತ್ತು, ರಾತ್ರಿಯಿಡೀ ಅದೇ ಕಾವಲು. "ಅದನ್ನ ಬಿಟ್ಟು ನಾನೊಬ್ನೇ ಒಳಗ್ ಮಲಗಿದ್ರೆ ಅದು ಏನ್ ತಿಳ್ಕಂಡಾತು?" ಇದಕ್ಕೆ ಯಾವ ಮಾರ್ಗಸೂಚಿಯಲ್ಲೂ ಉತ್ತರವಿಲ್ಲ. ಚಿತ್ರದ ಮಧ್ಯದ ನಾಲ್ಕು ನಿಮಿಷ ಬರೀ ಈ ಕಾರಣಗಳೇ, ಸಂಗೀತ ಇಲ್ಲ.

ಕೇಂದ್ರ ನಡೆಸುವವರ ಮಾತನ್ನೂ ಅಷ್ಟೇ ಕಾಳಜಿಯಿಂದ ಹಿಡಿಯಿರಿ. ರಾತ್ರಿ ಪಾಳಿಯ ಒಬ್ಬ ಕೇರ್‌ಟೇಕರ್‌ಗೆ ಸಂಬಳ ತಡವಾಗಿದ್ದರೆ, ಅವನೇ ಮನೆ ಬಾಡಿಗೆ ಕಟ್ಟಲು ಪರದಾಡುತ್ತಿದ್ದರೆ, ಅದೂ ಇದೇ ಕಥೆ.

ಎರಡನೇ ಬಾಗಿಲು ಕಾಗದ. ವಿಳಾಸ ಇಲ್ಲ, ಹಾಗಾಗಿ ಆಧಾರ್ ಇಲ್ಲ. ಆಧಾರ್ ಇಲ್ಲ, ಹಾಗಾಗಿ ಪಿಂಚಣಿ ಇಲ್ಲ. ಪಿಂಚಣಿ ಇಲ್ಲ, ಹಾಗಾಗಿ ಬಾಡಿಗೆ ಕೊಟ್ಟು ವಿಳಾಸ ಪಡೆಯುವಂತಿಲ್ಲ. ಸುತ್ತಿ ಸುತ್ತಿ ಅಲ್ಲಿಗೇ. ಬಿಡಿಸುವ ದಾರಿ ಇದೆ. ಮಾನ್ಯತೆ ಪಡೆದ ಆಶ್ರಯ ಕೇಂದ್ರದ ಮುಖ್ಯಸ್ಥರ ದೃಢೀಕರಣದ ಮೇಲೆ ಆಧಾರ್ ನೋಂದಣಿ ಮಾಡಿಸಬಹುದು. ಹಿಂದೆ ಯಾವಾಗಲೋ ಮಾಡಿಸಿ ಕಳೆದುಕೊಂಡಿದ್ದರೆ ಬೆರಳಚ್ಚಿನಲ್ಲೇ ಗೊತ್ತಾಗುತ್ತದೆ. ಎಷ್ಟೋ ವರ್ಷ ಕಾಣೆಯಾಗಿದ್ದವರ ಮನೆ ಹೀಗೆ ಆಧಾರ್ ಕೇಂದ್ರದಲ್ಲಿ ಸಿಕ್ಕಿದ್ದುಂಟು. ಆಮೇಲೆ ಪೋಸ್ಟ್ ಆಫೀಸಿನಲ್ಲಿ ಖಾತೆ, ಆಮೇಲೆ ನಾಡಕಚೇರಿಯಲ್ಲಿ 65 ದಾಟಿದವರಿಗೆ ಸಂಧ್ಯಾ ಸುರಕ್ಷಾ ಪಿಂಚಣಿಯ ಅರ್ಜಿ. ಒಂದು ಕಚೇರಿಯಲ್ಲಿ ನಮ್ಮನ್ನು ನಾಲ್ಕು ಸಲ ವಾಪಸ್ ಕಳಿಸಿದರು. ನಾಲ್ಕು ಸಲವೂ ಹೊರಗಿನ ಮೆಟ್ಟಿಲ ಮೇಲೆ ತಾತ ಕೂತು ಚಪ್ಪಲಿ ಹಾಕಿಕೊಳ್ಳುವುದನ್ನು ತೆಗೆದೆವು. ಒಂದೇ ಮೆಟ್ಟಿಲು, ನಾಲ್ಕು ಅಂಗಿ. ಅದರ ಮೇಲೆ ಮಾತೇ ಬೇಕಾಗಲಿಲ್ಲ.

ಮತದಾರರ ಪಟ್ಟಿಯ ವಿಷಯ ನನಗೆ ಎಲ್ಲಕ್ಕಿಂತ ಇಷ್ಟ. ಮನೆ ಇಲ್ಲದವರೂ ಹೆಸರು ಸೇರಿಸಬಹುದು. ಫಾರಂ 6ರಲ್ಲಿ ಮಲಗುವ ಜಾಗವನ್ನೇ ವಿಳಾಸ ಅಂತ ಬರೆಯಬಹುದು, ವಿಳಾಸದ ದಾಖಲೆ ಬೇಕಿಲ್ಲ. ಬೂತ್ ಮಟ್ಟದ ಅಧಿಕಾರಿ ರಾತ್ರಿ ಹೊತ್ತು ಅಲ್ಲಿಗೇ ಬಂದು ಆ ಮನುಷ್ಯ ನಿಜವಾಗಿ ಅಲ್ಲಿ ಮಲಗುತ್ತಾನಾ ಅಂತ ನೋಡಬೇಕು. ಚುನಾವಣಾ ಆಯೋಗದ ನಿಯಮ ಇದು. ನಮ್ಮ ತಾತನಿಗೂ ಬಂದರು, ಶಾಲಾ ಮೇಡಂ ಒಬ್ಬರು, ಗಂಡನ ಸ್ಕೂಟರ್ ಹಿಂದೆ ಕೂತುಕೊಂಡು. ಮೊಬೈಲ್ ಟಾರ್ಚು ಹಾಕಿದರು. ತಾತ ಈ ಸಲ ಕಣ್ಣಿಗೆ ಕೈ ಅಡ್ಡ ಹಿಡಿಯಲಿಲ್ಲ. ಎದ್ದು ಕೂತು ತಲೆ ಬಾಚಿಕೊಂಡರು.

ಮೂರನೇ ಬಾಗಿಲು ಊರು, ಅಂದರೆ ಹುಟ್ಟಿದ ಮನೆ. ಮುಂಬೈನ ಮನೋವೈದ್ಯ ಭರತ್ ವಾಟ್ವಾನಿ ಬೀದಿಯಲ್ಲಿ ಅಲೆಯುವ ಮಾನಸಿಕ ರೋಗಿಗಳಿಗೆ ಚಿಕಿತ್ಸೆ ಕೊಟ್ಟು ಅವರವರ ಮನೆಗೆ ತಲುಪಿಸುವ ಕೆಲಸಕ್ಕೆ 2018ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. ಚೆನ್ನೈನಲ್ಲಿ ದಿ ಬ್ಯಾನಿಯನ್ ಸಂಸ್ಥೆ 1993ರಿಂದ ಇಂಥ ಹೆಂಗಸರಿಗಾಗಿ ಕೆಲಸ ಮಾಡುತ್ತಿದೆ. ಇಂಥ ಕಡೆಯ ಅನುಭವ ಓದಿಕೊಂಡು ಹೋಗಿ. ನೀವೇ ನಾಯಕರಾಗಿ ಯಾರನ್ನೋ ಕಾರಲ್ಲಿ ಕೂರಿಸಿಕೊಂಡು ಊರಿಗೆ ಬಿಟ್ಟು, ಬಾಗಿಲಲ್ಲಿ ತಬ್ಬಿಕೊಳ್ಳುವುದನ್ನು ಚಿತ್ರೀಕರಿಸಬೇಡಿ. ಚಿಕಿತ್ಸೆ ಇಲ್ಲದೆ, ಮಾತ್ರೆ ಇಲ್ಲದೆ, ಮನೆಯವರಿಗೆ ತಿಳಿಹೇಳದೆ ಬಿಟ್ಟರೆ ಅವರು ಮುಂದಿನ ಬಸ್ಸಿಗೆ ಮತ್ತೆ ಬೀದಿಗೆ. ಮತ್ತೆ, ಎಲ್ಲ ಮನೆಯೂ ಸೇರಬೇಕಾದ ಮನೆ ಅಲ್ಲ.

ಕ್ಯಾಮೆರಾ ಕೆಲಸ

ಇದನ್ನು ಬೇಗ ಹೇಳಿಬಿಡುತ್ತೇನೆ, ವಿಡಿಯೋ ನೋಡಿ ಕಲಿಯಬಹುದು.

ಲೆನ್ಸು ಒರೆಸಿ. ನಗಬೇಡಿ, ಜೇಬಲ್ಲಿಟ್ಟ ಮೊಬೈಲಿನ ಲೆನ್ಸ್ ಮೇಲಿನ ಎಣ್ಣೆಗೆ ಬೀದಿದೀಪ ಎಲ್ಲ ಹಬ್ಬಿದಂತೆ ಬರುತ್ತದೆ. ನಮ್ಮ ಕರೆಂಟು 50 ಹರ್ಟ್ಸ್. ಹಾಗಾಗಿ ಟ್ಯೂಬ್‌ಲೈಟ್, ಬೀದಿದೀಪದ ಕೆಳಗೆ ಮಿಣಮಿಣ ಬರುತ್ತದೆ. ಪ್ರೊ ಮೋಡಿನಲ್ಲಿ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಇಟ್ಟರೆ ಬಹುಪಾಲು ನಿಲ್ಲುತ್ತದೆ. ಬೆಳಕು, ಫೋಕಸ್ ಎರಡನ್ನೂ ಲಾಕ್ ಮಾಡಿ. ಏರೋಪ್ಲೇನ್ ಮೋಡಿಗೆ ಹಾಕಿ, ಇಲ್ಲದಿದ್ದರೆ ಒಳ್ಳೆ ಮಾತು ಬರುವಾಗಲೇ ಅಮ್ಮನ ಫೋನ್ ಬರುತ್ತದೆ.

ಎಲ್‌ಇಡಿ ಲೈಟು ಮನೆಯಲ್ಲಿ ಬಿಡಿ. ಬೀದಿದೀಪ, ಟೀ ಅಂಗಡಿಯ ಬಲ್ಬು, ಬಸ್ಸಿನ ಹೆಡ್‌ಲೈಟು, ಇದ್ದ ಬೆಳಕೇ ಸಾಕು. ಸ್ವಲ್ಪ ಕತ್ತಲೆ ಕಂಡರೆ ಕಾಣಲಿ, ಅದು ರಾತ್ರಿ.

ನಿಂತುಕೊಂಡು ತೆಗೆಯಬೇಡಿ. ಅವರು ನೆಲದಲ್ಲಿ ಕೂತಿದ್ದರೆ ನೀವೂ ಕೂತು, ಕ್ಯಾಮೆರಾ ಅವರ ಕಣ್ಣಿನ ಮಟ್ಟಕ್ಕೆ ಇರಲಿ. ಮೇಲಿಂದ ತೆಗೆದ ಚಿತ್ರದಲ್ಲಿ ಎಂಥವರೂ ಅಪರಾಧಿ ತರ ಕಾಣುತ್ತಾರೆ. ಅಲ್ಲಿ ಕೂತಾಗ ಅವರಿಗೆ ಊರು ಹೇಗೆ ಕಾಣುತ್ತದೆ ಅನ್ನುವುದನ್ನೂ ತೆಗೆಯಿರಿ: ಬರೀ ಕಾಲು, ಟೈರು, ಕೊಳಚೆ ನೀರು.

ದುಡ್ಡು ಇದ್ದರೆ ಮೈಕಿಗೆ ಹಾಕಿ. ವೈರಿನ ಕಾಲರ್ ಮೈಕು ಗಲ್ಲದಿಂದ ಒಂದು ಗೇಣು ಕೆಳಗೆ. ಬಸ್ ಸ್ಟ್ಯಾಂಡಿನ ಗದ್ದಲದಲ್ಲಿ ಮೊಬೈಲಿನ ಮೈಕು ನಂಬಿದರೆ "ಶಿರಾ, ಶಿರಾ, ಶಿರಾ" ಅನ್ನುವ ಕಂಡಕ್ಟರ್ ಮಾತ್ರ ಸ್ಪಷ್ಟವಾಗಿ ಕೇಳುತ್ತಾನೆ. ಪ್ರತಿ ಜಾಗದಲ್ಲೂ ಒಂದು ನಿಮಿಷ ಯಾರೂ ಮಾತಾಡದೆ ಸುಮ್ಮನಿದ್ದು ಅಲ್ಲಿನ ಸದ್ದು ರೆಕಾರ್ಡ್ ಮಾಡಿ. ಎಡಿಟಿಂಗಿನಲ್ಲಿ ಕೈ ಮುಗಿಯುತ್ತೀರಿ.

ಬಸ್ ಸ್ಟ್ಯಾಂಡ್, ರೈಲ್ವೆ ಸ್ಟೇಷನ್, ಆಸ್ಪತ್ರೆಯ ಒಳಗೆ ಅನುಮತಿ ಬರವಣಿಗೆಯಲ್ಲಿ ಪಡೆಯಿರಿ. ಸಿಗದಿದ್ದರೆ ಹೊರಗೆ ನಿಂತು ತೆಗೆಯಿರಿ. ಕದ್ದು ತೆಗೆದರೆ ನಿಮಗೆ ಬರೀ ಬೈಗುಳ, ನಿಮ್ಮ ಜೊತೆ ಮಾತಾಡಿದ ತಪ್ಪಿಗೆ ಅವರಿಗೆ ಲಾಠಿ.

ಎಡಿಟಿಂಗ್ ಮುಗಿದ ಮೇಲೆ

ಮೊದಲ ಪ್ರದರ್ಶನ ಅವರಿಗೇ. ಒಂದು ಭಾನುವಾರ ಮಧ್ಯಾಹ್ನ ಪರಿಚಯದವರ ಅಂಗಡಿ ಹಿಂದಿನ ಕೋಣೆಯಲ್ಲಿ ಲ್ಯಾಪ್‌ಟಾಪ್ ಇಟ್ಟು, ಚಿತ್ರಾನ್ನ ಕೊಟ್ಟು ತೋರಿಸಿದೆವು. ಹಮಾಲಿ ಅಣ್ಣ ಒಬ್ಬರು ಮೂರು ಕಡೆ ನಿಲ್ಲಿಸಿ, "ಇದು ತೆಗೀರಿ" ಅಂದರು. ಎರಡು ಕಡೆ ಅವರು ಹೇಳಿದ್ದು ಸರಿ ಅನ್ನಿಸಿತು, ಒಂದು ಕಡೆ ನನಗೆ ಹೊಟ್ಟೆ ಉರಿಯಿತು, ಅಷ್ಟು ಒಳ್ಳೆಯ ಶಾಟು. ಮೂರನ್ನೂ ತೆಗೆದೆವು.

ಎರಡನೇ ಪ್ರದರ್ಶನ ಕೆಲಸ ಆಗಬೇಕಾದ ಕಡೆ. ವಾರ್ಡಿನ ಕಾರ್ಪೊರೇಟರ್, ಪಾಲಿಕೆಯ ಅಧಿಕಾರಿ, ಕಾನೂನು ಸೇವಾ ಪ್ರಾಧಿಕಾರದವರು, ಒಂದಿಬ್ಬರು ಡಾಕ್ಟರು, ಹೋಟೆಲ್ ಮಾಲೀಕರು. ಹದಿನೈದು ಜನ ಬಂದರೆ ಜಾಸ್ತಿ. ಚಿತ್ರ ಮುಗಿದ ತಕ್ಷಣ ಭಾಷಣ ಬೇಡ, ಎರಡೇ ಬೇಡಿಕೆ ಮುಂದಿಡಿ. ನಾವು ಕೇಳಿದ್ದು: ಗೇಟು ಹಾಕುವ ಹೊತ್ತು ರಾತ್ರಿ ಒಂದು ಗಂಟೆ ಆಗಲಿ, ಬೀಗ ಹಾಕುವ ಬೀರು ಬರಲಿ. ಬೀರು ಒಬ್ಬ ಹೋಟೆಲ್ ಮಾಲೀಕರು ಕೊಡಿಸಿದರು. ಗೇಟಿನ ವಿಷಯ ಇನ್ನೂ ಕಾಗದದಲ್ಲಿದೆ.

ಯೂಟ್ಯೂಬಿಗೆ ಹಾಕುವುದು ಎಲ್ಲಕ್ಕಿಂತ ಕೊನೆಗೆ. ಥಂಬ್‌ನೇಲಿನಲ್ಲಿ ಅಳುವ ಮುಖ, ಕೆಂಪು ಬಾಣ ಬೇಡ. ಕಾಮೆಂಟು ಮುಚ್ಚಿಡಿ ಅನ್ನುತ್ತೇನೆ, ನನ್ನ ಗೆಳೆಯ ತೆರೆದಿಡು ಅನ್ನುತ್ತಾನೆ. ತೆರೆದಿಟ್ಟಿದ್ದೆವು. ಎರಡನೇ ದಿನ ಯಾರೋ ಜಾತಿ ಕೇಳಿದ, ಮುಚ್ಚಿದೆವು. ದಾನ ಕೊಡುತ್ತೇವೆ ಅನ್ನುವವರಿಗೆ ನಿಮ್ಮ ಸ್ವಂತ ಫೋನ್‌ಪೇ ನಂಬರ್ ಕೊಡಬೇಡಿ. ಕಂಬಳಿ ಬೇಕಿದ್ದರೆ ಕಂಬಳಿಯನ್ನೇ ತರಲು ಹೇಳಿ. ಡಿಸೆಂಬರ್, ಜನವರಿಯಲ್ಲಿ ಎಲ್ಲರೂ ಕಂಬಳಿ ತರುತ್ತಾರೆ, ಜೂನಿನ ಮಳೆಗೆ ಟಾರ್ಪಾಲು ತರುವವರಿಲ್ಲ. ಅದನ್ನೂ ಹೇಳಿ.

ಇನ್ನೊಂದು. ಕೆಲಸ ಮುಗಿಯಿತು ಅಂತ ಪ್ರಾಜೆಕ್ಟ್ ಫೈಲು ಅಳಿಸಬೇಡಿ. ಮೂಲ ತುಣುಕುಗಳ ಜೊತೆ ಎರಡು ಹಾರ್ಡ್‌ಡಿಸ್ಕಿನಲ್ಲಿ ಇಡಿ. ಚಿತ್ರ ಹಾಕಿದ ಐದನೇ ತಿಂಗಳು ಹೋಟೆಲಿನ ಅಕ್ಕ ಫೋನ್ ಮಾಡಿದರು. ಬಾಡಿಗೆ ರೂಮು ಸಿಕ್ಕಿದೆ, ಓನರ್ ಮಗ ಮೊಬೈಲ್ ಜಾಸ್ತಿ ನೋಡುತ್ತಾನೆ, ತನ್ನದನ್ನು ತೆಗೆದುಬಿಡಿ ಅಂದರು. ಅವತ್ತು ರಾತ್ರಿಯೇ ತೆಗೆದು ಮತ್ತೆ ಎಕ್ಸ್‌ಪೋರ್ಟ್ ಹಾಕಿದೆವು. ಚಿತ್ರ ಈಗ 22 ನಿಮಿಷ ಇದೆ.